ಸಂಶೋಧನೆಯ ಪುಸ್ತಕಕ್ಕೆ ಯಾರ ದುಡ್ಡು? ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹೊಸ ಅಧ್ಯಾಪಕರಿಗೊಂದು ಹೋಲಿಕೆ

ಇತಿಹಾಸ, ಕನ್ನಡ, ಇಂಗ್ಲಿಷ್, ಸಮಾಜಶಾಸ್ತ್ರ, ತತ್ವಶಾಸ್ತ್ರ. ಇಂಥ ವಿಷಯಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು ಲೈಬ್ರರಿಗೆ ಬಂದು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಸರ್, ಪುಸ್ತಕ ತರಿಸೋಕೆ ಗ್ರಾಂಟ್ ಏನಾದ್ರೂ ಸಿಗುತ್ತಾ?" ಸಿಗುತ್ತದೆ. ಆದರೆ ಎಲ್ಲವೂ ಒಂದೇ ಕಡೆ ಸಿಗುವುದಿಲ್ಲ.

ಈ ಭಾಗದ ಅಧ್ಯಾಪಕರ ಮುಂದೆ ಐದು ದಾರಿಗಳಿವೆ. ನಿಮ್ಮ ಕಾಲೇಜು ಅಥವಾ ವಿಶ್ವವಿದ್ಯಾಲಯದ ಲೈಬ್ರರಿಯ ಖರೀದಿ ಹಣ ಒಂದು. ಸರ್ಕಾರ ಚಂದಾ ಕಟ್ಟಿರುವ ಇ-ಜರ್ನಲ್‌ಗಳು ಇನ್ನೊಂದು. ದೆಹಲಿಯ ಸಂಶೋಧನಾ ಮಂಡಳಿಗಳ ಪ್ರಾಜೆಕ್ಟ್, ಪುಕ್ಕಟೆ ಸಿಗುವ ಸ್ಕ್ಯಾನ್ ಮತ್ತು ಅಕ್ಕಪಕ್ಕದ ಊರಿನ ಲೈಬ್ರರಿಗಳು, ಕೊನೆಗೆ ಸ್ವಂತ ಜೇಬು. ಇವುಗಳಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದರೆ ಉತ್ತರ ಹೇಳುವುದು ಕಷ್ಟ. ಯಾವ ಸಾಮಗ್ರಿಗೆ ಯಾವುದು ಅಂತ ಕೇಳಿ, ಆಗ ಹೇಳಬಹುದು. ನನ್ನ ಒಲವು ಯಾವ ಕಡೆ ಅನ್ನೋದನ್ನೂ ಈಗಲೇ ಹೇಳಿಬಿಡುತ್ತೇನೆ. ಪುಸ್ತಕವನ್ನು ಲೈಬ್ರರಿ ಕೈಯಿಂದ ಕೊಳ್ಳಿಸಿ. ಗ್ರಾಂಟ್ ಹಣ ಬಂದರೆ ಅದನ್ನು ಓಡಾಟಕ್ಕೆ, ನಕಲಿಗೆ, ಲಿಪಿ ಓದಿಸುವುದಕ್ಕೆ ಇಟ್ಟುಕೊಳ್ಳಿ. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ.

ಮೊದಲು ಪಟ್ಟಿ ಬೇರೆ ಮಾಡಿ

ನಿಮಗೆ ಬೇಕಾದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಆಮೇಲೆ ಪ್ರತಿಯೊಂದರ ಮುಂದೆ ಅದು ಏನು ಅಂತ ಗುರುತು ಹಾಕಿ. ಈಗ ಅಂಗಡಿಯಲ್ಲಿ ಸಿಗುವ ಹೊಸ ಪುಸ್ತಕವಾ? ಜರ್ನಲ್ ಲೇಖನವಾ? ಅಚ್ಚು ನಿಂತುಹೋದ ಹಳೇ ಪುಸ್ತಕವಾ? ಕೈಬರಹದ ಕಾಗದವಾ? ಒಂದು ಸಲ ನೋಡಿದರೆ ಸಾಕಾ, ಅಥವಾ ವರ್ಷಗಟ್ಟಲೆ ಮೇಜಿನ ಮೇಲೇ ಇರಬೇಕಾ?

ನಮ್ಮ ಮೂರು ಜಿಲ್ಲೆಗಳ ವಿಷಯದಲ್ಲಿ ಈ ಕೆಲಸ ಜಾಸ್ತಿ ಮುಖ್ಯ. ಕಾರಣ, ಇಲ್ಲಿನ ಇತಿಹಾಸದ ಆಕರಗಳು ಇಲ್ಲಿಲ್ಲ. 1956ರವರೆಗೆ ಈ ಪ್ರದೇಶ ಮುಂಬಯಿಗೆ ಸೇರಿತ್ತು. ಹಾಗಾಗಿ ಬ್ರಿಟಿಷ್ ಕಾಲದ ಕಂದಾಯದ ಕಾಗದಗಳನ್ನು ಹುಡುಕಿಕೊಂಡು ಮುಂಬಯಿ, ಪುಣೆಯ ಪತ್ರಾಗಾರಗಳಿಗೆ ಹೋಗಬೇಕು. ಜಮಖಂಡಿ, ಮುಧೋಳ, ರಾಮದುರ್ಗ ಬೇರೆ ಬೇರೆ ಸಂಸ್ಥಾನಗಳಾಗಿದ್ದವು. ಅವುಗಳ ದಫ್ತರದ ಮರಾಠಿ ಕಾಗದ ಮೋಡಿ ಲಿಪಿಯಲ್ಲಿ ಇರುತ್ತದೆ. ಆದಿಲ್‌ಶಾಹಿಯ ಆಕರಗಳು ಫಾರಸಿ, ಅರಬ್ಬಿ, ದಖನಿಯಲ್ಲಿವೆ. ವಿಜಯಪುರದ ಆಸಾರ್ ಮಹಲಿನಲ್ಲಿದ್ದ ಹಸ್ತಪ್ರತಿ ಭಂಡಾರ ಹತ್ತೊಂಬತ್ತನೆಯ ಶತಮಾನದಲ್ಲೇ ಲಂಡನ್ನಿಗೆ ಹೋಯಿತು. ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಇಂಥದ್ದನ್ನು ಯಾವ ಕಾಲೇಜು ಲೈಬ್ರರಿಯೂ ಇಂಡೆಂಟ್ (ಖರೀದಿ ಬೇಡಿಕೆ) ಹಾಕಿ ತರಿಸಿಕೊಡಲಾರದು.

ಹುಡುಕುವವರಿಗೆ ಒಂದು ಸಣ್ಣ ಸುಳಿವು. ವಿಜಯಪುರ ಜಿಲ್ಲಾ ಕೇಂದ್ರ ಆಗುವ ಮೊದಲು ಆ ಸ್ಥಾನ ಕಲಾದಗಿಗೆ ಇತ್ತು. ಆದ್ದರಿಂದ ಹಳೇ ಸೂಚಿಗಳಲ್ಲಿ ಕಲಾದಗಿ ಹೆಸರಲ್ಲೂ ನೋಡಿ. ಬಾಗಲಕೋಟೆ ಅಂತ ಹುಡುಕಿದರೆ ಜಿಲ್ಲೆ ಸಿಗುವುದೇ ಇಲ್ಲ, ಅದು ಬೇರೆ ಜಿಲ್ಲೆ ಆದದ್ದು 1997ರಲ್ಲಿ.

ಲೈಬ್ರರಿಯ ಹಣ: ನಿಧಾನ, ಆದರೆ ಗಟ್ಟಿ

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೊಸಬರು ಅತಿ ಕಡಿಮೆ ಬಳಸುವ ದಾರಿ ಇದೇ.

ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇಂಥ ಕಡೆ ನೀವಿದ್ದರೆ ದಾರಿ ಸ್ವಲ್ಪ ಉದ್ದ. ನೀವು ವಿಭಾಗದಲ್ಲಿ ಪಟ್ಟಿ ಕೊಡುತ್ತೀರಿ, ಮುಖ್ಯಸ್ಥರು ಸಹಿ ಹಾಕುತ್ತಾರೆ, ಅದು ಗ್ರಂಥಾಲಯ ಸಮಿತಿಗೆ ಹೋಗುತ್ತದೆ, ಕೊಟೇಶನ್ ಕರೆಯುತ್ತಾರೆ, ಹಣಕಾಸು ವಿಭಾಗ ಒಪ್ಪಬೇಕು. ಸರ್ಕಾರಿ ಹಣ ಅಂದ ಮೇಲೆ ಖರೀದಿಯ ಪಾರದರ್ಶಕ ಕಾಯ್ದೆ ಇದ್ದೇ ಇರುತ್ತದೆ. ದೊಡ್ಡ ಮೊತ್ತ ಆದರೆ ಟೆಂಡರು. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಪ್ರಾಂಶುಪಾಲರೂ ಲೈಬ್ರೇರಿಯನ್ನರೂ ಮನಸ್ಸು ಮಾಡಿದರೆ ದಾರಿ ಗಿಡ್ಡ, ಆದರೆ ಹಣವೂ ಕಮ್ಮಿ. ಕೆಎಲ್‌ಇ, ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ, ಬಿಎಲ್‌ಡಿಇ ಇಂಥ ಸಂಸ್ಥೆಗಳ ಅನುದಾನಿತ ಕಾಲೇಜುಗಳಲ್ಲಿ ಆಡಳಿತ ಮಂಡಳಿಯ ಮಾತೂ ಸೇರಿಕೊಳ್ಳುತ್ತದೆ.

ಎಲ್ಲೇ ಇರಿ, ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್. ಇದನ್ನು ತಲೆಯಲ್ಲಿಟ್ಟುಕೊಂಡರೆ ಅರ್ಧ ಗೆದ್ದಂತೆ. ಹಣ ಬಿಡುಗಡೆ ಆಗುವುದು ತಡ, ಖರ್ಚು ಮಾಡಬೇಕಾದ ಗಡುವು ಮಾತ್ರ ಮಾರ್ಚ್ 31. ಮಾರ್ಚ್ ಎಂಡ್ ಬಂತು ಅಂದರೆ ಲೈಬ್ರರಿಗಳಲ್ಲಿ ಏನಾಗುತ್ತದೆ ಗೊತ್ತಾ? ಹಣ ವಾಪಸ್ ಹೋಗಬಾರದು. ಪಟ್ಟಿ ಯಾರೂ ಕೊಟ್ಟಿಲ್ಲ. ಮಾರಾಟಗಾರ ತನ್ನ ಗೋದಾಮಿನಲ್ಲಿ ಇದ್ದದ್ದನ್ನು ತಂದು ಇಳಿಸುತ್ತಾನೆ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡು, ವ್ಯಕ್ತಿತ್ವ ವಿಕಸನ, ಒಂದೇ ಪಠ್ಯದ ಹತ್ತು ಪ್ರತಿ. ನಮ್ಮ ಕಾಲೇಜು ಲೈಬ್ರರಿಗಳ ಕಪಾಟು ಹಾಗೆ ತುಂಬಿದ್ದಕ್ಕೆ ಅಧ್ಯಾಪಕರ ಆಲಸ್ಯವೂ ಅಷ್ಟೇ ಕಾರಣ. ಸುಮ್ನೆ ಲೈಬ್ರೇರಿಯನ್ನರನ್ನು ಬೈದು ಉಪಯೋಗವಿಲ್ಲ.

ಹಾಗಾಗಿ ಎರಡು ಪಟ್ಟಿ ಇಟ್ಟುಕೊಳ್ಳಿ. ಜೂನ್-ಜುಲೈನಲ್ಲಿ ಕೊಡುವ ಸಣ್ಣ ಪಟ್ಟಿ ಒಂದು. ಅದರಲ್ಲಿ ಈ ವರ್ಷ ಬೇಕೇ ಬೇಕು ಅನ್ನುವ ಹತ್ತು-ಹದಿನೈದು ಪುಸ್ತಕ ಇರಲಿ. ಇನ್ನೊಂದು ಮಾರ್ಚ್ ಪಟ್ಟಿ, ಉದ್ದದ್ದು, ಸಿದ್ಧವಾಗಿ ಲೈಬ್ರೇರಿಯನ್ನರ ಕಂಪ್ಯೂಟರಿನಲ್ಲೇ ಇರಬೇಕು. ಹಣ ಉಳಿದ ದಿನ ಅವರು ಹುಡುಕುವುದು ತಯಾರಾಗಿ ಕೂತ ಪಟ್ಟಿಯನ್ನು. ಆಗ ನಿಮ್ಮದೊಂದೇ ಕಣ್ಣಿಗೆ ಬಿದ್ದರೆ ನಿಮ್ಮ ವಿಷಯಕ್ಕೇ ಪುಸ್ತಕ ಬರುತ್ತದೆ.

ಪಟ್ಟಿ ಹೇಗಿರಬೇಕು ಅನ್ನುವುದೂ ಮುಖ್ಯ. ಕಮಿಟಿ ಮೀಟಿಂಗ್‌ಗಳಲ್ಲಿ ಕೂತು ನಾನು ನೋಡಿದ ಚೀಟಿಗಳಲ್ಲಿ ಹೆಚ್ಚಿನವು ಹೀಗಿರುತ್ತವೆ: "ದಖ್ಖನ್ ಇತಿಹಾಸದ ಒಳ್ಳೆಯ ಪುಸ್ತಕಗಳು, 5." ಅಥವಾ ಲೇಖಕರ ಅಡ್ಡಹೆಸರು ಮಾತ್ರ. ಇಂಥ ಚೀಟಿ ಮಾರಾಟಗಾರನ ಕೈಗೆ ಹೋಗಿ "ಸ್ಟಾಕ್ ಇಲ್ಲ" ಅಂತ ವಾಪಸ್ ಬರುತ್ತದೆ. ಸರಿಯಾದ ಚೀಟಿಯಲ್ಲಿ ಲೇಖಕರ ಪೂರ್ತಿ ಹೆಸರು, ಶೀರ್ಷಿಕೆ, ಪ್ರಕಾಶಕರು, ಆವೃತ್ತಿಯ ವರ್ಷ, ಹದಿಮೂರು ಅಂಕಿಯ ಐಎಸ್‌ಬಿಎನ್, ಬೈಂಡಿಂಗ್ ಯಾವುದು, ಬೆಲೆ, ಎಷ್ಟು ಪ್ರತಿ ಇಷ್ಟೂ ಇರುತ್ತದೆ. ಕೊನೆಯಲ್ಲಿ ಒಂದು ಸಾಲು: "ಎಂ.ಎ. ಮೂರನೇ ಸೆಮಿಸ್ಟರ್ ಐಚ್ಛಿಕ ಪತ್ರಿಕೆಗೂ ಬೇಕು." ಆ ಸಾಲಿಗೆ ಬೆಲೆ ಇದೆ. ನಿಮ್ಮೊಬ್ಬರ ಸಂಶೋಧನೆಗೆ ಅಂದರೆ ಸಮಿತಿ ಯೋಚನೆ ಮಾಡುತ್ತದೆ, ಪಾಠಕ್ಕೂ ಆಗುತ್ತದೆ ಅಂದರೆ ಸಹಿ ಬೀಳುತ್ತದೆ.

ಐಎಸ್‌ಬಿಎನ್ ಬರೆಯುವಾಗ ಎಚ್ಚರ ಬೇಕು. ಒಂದೇ ಪುಸ್ತಕಕ್ಕೆ ವಿದೇಶದ ಗಟ್ಟಿ ರಟ್ಟಿನ ಆವೃತ್ತಿ, ಪೇಪರ್‌ಬ್ಯಾಕ್, ದಕ್ಷಿಣ ಏಷ್ಯಾದ ಆವೃತ್ತಿ ಅಂತ ಬೇರೆ ಬೇರೆ ನಂಬರ್ ಇರುತ್ತವೆ. ಕೇಂಬ್ರಿಡ್ಜ್, ಆಕ್ಸ್‌ಫರ್ಡ್ ಪ್ರಕಾಶನದ ಎಷ್ಟೋ ಪುಸ್ತಕಗಳಿಗೆ ಇಲ್ಲಿಗೆಂದೇ ಕಡಿಮೆ ಬೆಲೆಯ ಆವೃತ್ತಿ ಇದೆ. ಪರ್ಮನೆಂಟ್ ಬ್ಲ್ಯಾಕ್, ಓರಿಯಂಟ್ ಬ್ಲ್ಯಾಕ್‌ಸ್ವಾನ್, ಮನೋಹರ್ ಇಂಥವರು ತಂದ ಭಾರತೀಯ ಮುದ್ರಣವೂ ಇರಬಹುದು. ವಿದೇಶಿ ಗಟ್ಟಿ ರಟ್ಟಿನ ಒಂದು ಪ್ರತಿಯ ದುಡ್ಡಿನಲ್ಲಿ ಭಾರತೀಯ ಆವೃತ್ತಿಯ ಹಲವು ಪುಸ್ತಕ ಬರುತ್ತವೆ. ಕಡಿಮೆ ಬೆಲೆಯ ನಂಬರ್ ಹುಡುಕಿ ಕೊಡುವವರನ್ನು ಲೈಬ್ರೇರಿಯನ್ನರು ಮರೆಯುವುದಿಲ್ಲ.

ಪ್ರಾಂಶುಪಾಲರು "ಬಜೆಟ್ ಇಲ್ಲ" ಅಂದರೆ ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ) ನೆನಪಿಸಿ. ನ್ಯಾಕ್‌ನ ಮೌಲ್ಯಮಾಪನದಲ್ಲಿ ಲೈಬ್ರರಿ ಬರುತ್ತದೆ, ಪುಸ್ತಕ ಮತ್ತು ಜರ್ನಲ್‌ಗೆ ವರ್ಷಕ್ಕೆ ಎಷ್ಟು ಖರ್ಚು ಮಾಡಿದಿರಿ ಅಂತ ಕೇಳುತ್ತಾರೆ. ವಿಶ್ವವಿದ್ಯಾಲಯ, ಸ್ವಾಯತ್ತ ಕಾಲೇಜುಗಳಾದರೆ, ಅಧ್ಯಾಪಕರ ಸಂಶೋಧನೆಗೆ ಸಂಸ್ಥೆ ಸೀಡ್ ಮನಿ (ಶುರುವಿಗೆ ಕೊಡುವ ಸಣ್ಣ ಹಣ) ಕೊಡುತ್ತದಾ ಅನ್ನುವ ಪ್ರಶ್ನೆಯೂ ಇದೆ. ನಿಮ್ಮಲ್ಲಿ ಆ ವ್ಯವಸ್ಥೆ ಇದೆಯಾ ಅಂತ ಸೇರಿದ ಮೊದಲ ವರ್ಷವೇ ಬರವಣಿಗೆಯಲ್ಲಿ ಕೇಳಿ. ಸಣ್ಣ ಮೊತ್ತವಾದರೂ ಬೇಗ ಕೈಗೆ ಬರುತ್ತದೆ. ಲೆಕ್ಕ ಕೊಡುವ ಅಭ್ಯಾಸವೂ ಆಗುತ್ತದೆ.

ಇನ್ನು ಲೈಬ್ರರಿ ಹಣದಿಂದ ಆಗದ ಕೆಲಸಗಳು. ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ ಅಪರೂಪದ ಪ್ರತಿಯನ್ನು ಕೊಳ್ಳುವುದು ಕಷ್ಟ, ಬಿಲ್ ಇರುವುದಿಲ್ಲ, ಮೂರು ಕೊಟೇಶನ್ ಎಲ್ಲಿಂದ ತರುವುದು? ಲೇಖಕರೇ ಅಚ್ಚು ಹಾಕಿಸಿ ಮನೆಯಿಂದ ಮಾರುವ ಪುಸ್ತಕದ್ದೂ ಅದೇ ಪಾಡು. ನಮ್ಮ ಕಡೆಯ ಮಠಗಳ ಪ್ರಕಟಣೆ, ಊರಿನ ಇತಿಹಾಸ, ಅಭಿನಂದನ ಗ್ರಂಥ ಎಲ್ಲ ಇದೇ ಸಾಲಿಗೆ ಸೇರುತ್ತವೆ. ಕೆಲಸಕ್ಕೆ ಬರುವ ಮಾಹಿತಿ ಇರುವುದು ಅವುಗಳಲ್ಲೇ ಅನ್ನೋದು ಬೇರೆ ಮಾತು. ಪತ್ರಾಗಾರದ ನಕಲು, ಪ್ರಯಾಣ, ಸಂದರ್ಶನದ ರೆಕಾರ್ಡರ್ ಇವು ಯಾವುವೂ ಲೈಬ್ರರಿ ಲೆಕ್ಕದಲ್ಲಿ ಬರುವುದಿಲ್ಲ.

ಜರ್ನಲ್: ದುಡ್ಡು ಕೊಡುವ ಮೊದಲು ಲಾಗಿನ್ ಕೇಳಿ

ಲೇಖನಕ್ಕೆ ಸ್ವಂತ ದುಡ್ಡು ಕೊಡುವ ಕಾಲ ಬಹುಪಾಲು ಮುಗಿದಿದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆ 2025ರ ಜನವರಿಯಿಂದ ನಡೆಯುತ್ತಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಅನ್ನುವ ಯುಜಿಸಿಯ ಕೇಂದ್ರ ಇದನ್ನು ನೋಡಿಕೊಳ್ಳುತ್ತದೆ. ಪಟ್ಟಿಯಲ್ಲಿ ವಿಜ್ಞಾನ, ವೈದ್ಯಕೀಯ, ಎಂಜಿನಿಯರಿಂಗ್‌ನದೇ ಭಾರ ನಿಜ. ಆದರೆ ಟೇಲರ್ ಅಂಡ್ ಫ್ರಾನ್ಸಿಸ್, ಸೇಜ್, ಕೇಂಬ್ರಿಡ್ಜ್, ಆಕ್ಸ್‌ಫರ್ಡ್, ಪ್ರಾಜೆಕ್ಟ್ ಮ್ಯೂಸ್ ಇವೆ. ದಕ್ಷಿಣ ಏಷ್ಯಾದ ಇತಿಹಾಸ, ಸಮಾಜಶಾಸ್ತ್ರದವರಿಗೆ ಇದು ಸಣ್ಣ ಸಂಗತಿಯಲ್ಲ.

ಇದು ಕೇಂದ್ರ ಅಥವಾ ರಾಜ್ಯ ಸರ್ಕಾರದ ಆಡಳಿತದಲ್ಲಿರುವ ವಿಶ್ವವಿದ್ಯಾಲಯ, ಕಾಲೇಜುಗಳಿಗೆ. ಜಮಖಂಡಿಯಲ್ಲೋ ಸಿಂದಗಿಯಲ್ಲೋ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಇರುವವರೂ ಕೇಳಬಹುದು, ಕೇಳಬೇಕು. ನಿಮ್ಮ ಕಾಲೇಜು ನೋಂದಣಿ ಮಾಡಿಕೊಂಡಿದೆಯಾ ಅನ್ನೋದೊಂದೇ ಪ್ರಶ್ನೆ.

ಖಾಸಗಿ ಆಡಳಿತ ಮಂಡಳಿಯ ಕಾಲೇಜಿನವರು ಎನ್-ಲಿಸ್ಟ್ ಕಡೆ ನೋಡಬೇಕು. ಇದೂ ಇನ್‌ಫ್ಲಿಬ್‌ನೆಟ್‌ನದೇ, ಕಾಲೇಜುಗಳಿಗೆಂದೇ ಮಾಡಿದ್ದು. ಅನುದಾನಿತ ಕಾಲೇಜು ವರ್ಷಕ್ಕೆ ಕೆಲವೇ ಸಾವಿರ ರೂಪಾಯಿ ಕಟ್ಟಿದರೆ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಒಬ್ಬೊಬ್ಬರಿಗೆ ಬೇರೆ ಬೇರೆ ಐಡಿ, ಪಾಸ್‌ವರ್ಡ್ ಸಿಗುತ್ತದೆ. ಮನೆಯಲ್ಲಿ ಕೂತೇ ಓದಬಹುದು. ಎರಡರಲ್ಲಿ ಒಂದು ಆರಿಸಬೇಕು ಅಂದರೆ ಜರ್ನಲ್‌ಗೆ ಒನ್ ನೇಷನ್ ಮೇಲು. ಇ-ಪುಸ್ತಕಕ್ಕೆ ಎನ್-ಲಿಸ್ಟೇ ಆಸರೆ, ಏಕೆಂದರೆ ಒನ್ ನೇಷನ್ ಯೋಜನೆ ಇರುವುದೇ ಜರ್ನಲ್‌ಗಾಗಿ. ಎಷ್ಟೋ ಕಾಲೇಜುಗಳು ಎನ್-ಲಿಸ್ಟ್ ಚಂದಾ ಕಟ್ಟಿ, ನ್ಯಾಕ್ ವರದಿಯಲ್ಲಿ ಬರೆದು, ಲಾಗಿನ್ ಯಾರಿಗೂ ಹಂಚದೆ ಕೂತಿರುತ್ತವೆ. ಕೇಳಿದರೆ ಎರಡು ದಿನದಲ್ಲಿ ಸಿಗುವ ವಸ್ತು ಇದು.

ಕನ್ನಡ ವಿಭಾಗದವರಿಗೆ ಈ ಎರಡರಿಂದಲೂ ಲಾಭ ಕಮ್ಮಿ. ವಾಗ್ಭೂಷಣ, ಜಯಕರ್ನಾಟಕ, ಶಿವಾನುಭವದ ಹಳೇ ಸಂಚಿಕೆಗಳು ಅಲ್ಲಿ ಇಲ್ಲ. ಅವಕ್ಕೆ ಧಾರವಾಡದ ಬಸ್ಸು ಹತ್ತಬೇಕು.

ಮಂಡಳಿಯ ಪ್ರಾಜೆಕ್ಟ್: ದುಡ್ಡು ಇದೆ, ಪುಸ್ತಕಕ್ಕೆ ಕಮ್ಮಿ

ಹಿರಿಯರು "ಯುಜಿಸಿ ಮೈನರ್ ಪ್ರಾಜೆಕ್ಟ್ ಹಾಕಿ" ಅನ್ನುತ್ತಾರೆ. ಅವರ ಕಾಲದಲ್ಲಿ ಅದು ನಿಜಕ್ಕೂ ಒಳ್ಳೆಯ ದಾರಿ. ಕಾಲೇಜು ಅಧ್ಯಾಪಕರು ಆ ಹಣದಲ್ಲೇ ಕಂಪ್ಯೂಟರು, ಪುಸ್ತಕ, ಓಡಾಟ ಎಲ್ಲ ಮುಗಿಸುತ್ತಿದ್ದರು. ಈಗ ಅದು ಹಳೇ ಕಥೆ.

ಈಗ ಉಳಿದಿರುವುದು ವಿಷಯವಾರು ಮಂಡಳಿಗಳು. ಸಮಾಜ ವಿಜ್ಞಾನಕ್ಕೆ ಐಸಿಎಸ್‌ಎಸ್‌ಆರ್, ಇತಿಹಾಸಕ್ಕೆ ಐಸಿಎಚ್‌ಆರ್, ತತ್ವಶಾಸ್ತ್ರಕ್ಕೆ ಐಸಿಪಿಆರ್. ಐಸಿಎಸ್‌ಎಸ್‌ಆರ್‌ನಲ್ಲಿ ಮೇಜರ್, ಮೈನರ್ ಎರಡೂ ಪ್ರಾಜೆಕ್ಟ್‌ಗಳಿವೆ. ಹೊಸಬರಿಗೆ ಮೈನರ್ ಸಾಕು, ದೊಡ್ಡದಕ್ಕೆ ಹೋದರೆ ಸಹಾಯಕರ ನೇಮಕ, ಸಂಬಳದ ಲೆಕ್ಕ, ಆಡಿಟ್ ಅಂತ ನೀವೇ ಅರ್ಧ ಗುಮಾಸ್ತರಾಗುತ್ತೀರಿ. ಸಾಹಿತ್ಯದವರಿಗೆ ಇಂಥ ನೇರ ಮಂಡಳಿ ಇಲ್ಲ. ಅವರು ವಿಷಯವನ್ನು ಸಮಾಜದ ಕಡೆಗೋ ಇತಿಹಾಸದ ಕಡೆಗೋ ತಿರುಗಿಸಿ ಬರೆಯುತ್ತಾರೆ. ಉದಾಹರಣೆಗೆ, ಪಾರಿಜಾತ ಆಟದ ಹಾಡುಗಳ ಪಠ್ಯ ಅಂತ ಹಾಕುವ ಬದಲು ಪಾರಿಜಾತ ಕಲಾವಿದರ ಬದುಕು ಅಂತ ಹಾಕುವುದು. ನನಗೆ ಇದು ಅಷ್ಟು ಸರಿ ಕಾಣುವುದಿಲ್ಲ, ಸಂಶೋಧನೆಯೇ ಬಾಗಿ ಹೋಗುತ್ತದೆ. ಆದರೆ ಬೇರೆ ದಾರಿ ಇಲ್ಲದವರಿಗೆ ಹೇಗೆ ಬೇಡ ಅನ್ನುವುದು?

ಇಲ್ಲಿ ಎರಡು ವಿಷಯ ಗೊತ್ತಿರಬೇಕು. ಪ್ರಾಜೆಕ್ಟ್ ಬಜೆಟ್ಟಿನಲ್ಲಿ ಪುಸ್ತಕ-ಸಲಕರಣೆಯ ಪಾಲು ಸಣ್ಣದು, ಕ್ಷೇತ್ರಕಾರ್ಯ ಮತ್ತು ಸಹಾಯಕರ ಪಾಲು ದೊಡ್ಡದು. ಎರಡನೆಯದು, ಆ ಹಣದಲ್ಲಿ ಕೊಂಡ ಪುಸ್ತಕ ನಿಮ್ಮದಲ್ಲ. ಪ್ರಾಜೆಕ್ಟ್ ಮುಗಿದ ಮೇಲೆ ಸಂಸ್ಥೆಗೆ ಸೇರುತ್ತದೆ, ಲೈಬ್ರರಿಯಲ್ಲಿ ಅಕ್ಸೆಷನ್ ನಂಬರ್ (ದಾಖಲೆ ಪುಸ್ತಕದ ಕ್ರಮಸಂಖ್ಯೆ) ಹಾಕಿಸಿ ಲೆಕ್ಕಕ್ಕೆ ತೋರಿಸಬೇಕು. ಕೊನೆಗೆ ಪುಸ್ತಕ ಸೇರುವುದು ಅದೇ ಕಪಾಟಿಗೆ ಅಂದ ಮೇಲೆ, ಮೊದಲೇ ಲೈಬ್ರರಿ ಹಣದಲ್ಲಿ ಕೊಳ್ಳಿಸಿದರೆ ಆಗುತ್ತಿತ್ತು ಅಲ್ವಾ?

ಪ್ರಾಜೆಕ್ಟ್ ಹಣ ಬೇರೆ ಯಾರೂ ಕೊಡದ ಕೆಲಸಕ್ಕೆ ಹೋಗಲಿ. ಮುಂಬಯಿ, ಪುಣೆ ಪತ್ರಾಗಾರಕ್ಕೆ ಹೋಗಿ ಇದ್ದು ಬರುವ ಖರ್ಚು. ಮೋಡಿ ಓದಿ ದೇವನಾಗರಿಗೆ ಇಳಿಸಿಕೊಡುವವರ ಸಂಭಾವನೆ. ಫಾರಸಿ ಬಲ್ಲವರಿಂದ ಅನುವಾದ. ಬ್ರಿಟಿಷ್ ಲೈಬ್ರರಿಯಿಂದ ಹಸ್ತಪ್ರತಿಯ ಡಿಜಿಟಲ್ ನಕಲು, ಅದರ ಲೆಕ್ಕ ಪೌಂಡಿನಲ್ಲಿ. ಇತಿಹಾಸದವರು ಐಸಿಎಚ್‌ಆರ್‌ನ ಯೋಜನೆಗಳ ಪಟ್ಟಿಯನ್ನು ಪೂರ್ತಿ ಓದಿ, ಆಕರ ಹುಡುಕಿ ತಿರುಗುವುದಕ್ಕೆ ಸಣ್ಣ ನೆರವು ಕೊಡುವ ಯೋಜನೆಯೂ ಅದರಲ್ಲಿದೆ. ಅದರ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ, ಅಲ್ಲಿ ಲೈಬ್ರರಿಯೂ ಇದೆ.

ಅರ್ಜಿ ಹಾಕುವಾಗ ಸಂಸ್ಥೆಯ ಮುಖ್ಯಸ್ಥರ ಮೂಲಕವೇ ಹೋಗಬೇಕು. ಹಣ ಕಂತಿನಲ್ಲಿ ಬರುತ್ತದೆ. ಒಂದು ಕಂತಿನ ಯು.ಸಿ. (ಹಣ ಬಳಸಿದ ಪ್ರಮಾಣಪತ್ರ) ಕೊಡದೆ ಮುಂದಿನದು ಬರುವುದಿಲ್ಲ. ಅರ್ಜಿ ಹಾಕಿ ಹಣ ಕೈಗೆ ಬರುವಷ್ಟರಲ್ಲಿ ಕಾಲ ಸಾಕಷ್ಟು ಸರಿದಿರುತ್ತದೆ. ಹಾಗಾಗಿ ಪಿಎಚ್‌ಡಿ ಸಲ್ಲಿಸುವ ಕೊನೇ ವರ್ಷದಲ್ಲಿ ಇರುವವರು ಇದನ್ನು ನಂಬಿಕೊಂಡು ಕೂರಬಾರದು.

ಪುಕ್ಕಟೆ ಸಿಗುವುದು, ಹತ್ತಿರ ಇರುವುದು

ಲೈಬ್ರರಿ ಹಣ ವ್ಯರ್ಥವಾಗುವುದನ್ನು ನೋಡಿ ನೋಡಿ ಇದನ್ನು ಒತ್ತಿ ಹೇಳುತ್ತಿದ್ದೇನೆ. ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್‌ನ 21ನೇ ಸಂಪುಟ ಬೆಳಗಾವಿ, 23ನೇದು ವಿಜಯಪುರ. ಎರಡೂ 1884ರವು. ಎರಡರ ಸ್ಕ್ಯಾನ್ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಇದೆ. ಮರುಮುದ್ರಣ ಅಂತ ದುಬಾರಿ ಬೆಲೆಗೆ ಮಾರುವವರಿಂದ ಕೊಳ್ಳಬೇಕಾಗಿಲ್ಲ. ಬಾಂಬೆ-ಕರ್ನಾಟಕ ಶಾಸನಗಳ ಸಂಪುಟ, ಎಪಿಗ್ರಾಫಿಯಾ ಇಂಡಿಕಾ ಇವುಗಳೂ ಅಲ್ಲಿ ಸಿಗುತ್ತವೆ. ಕನ್ನಡದ ಹಳೇ ಪುಸ್ತಕಗಳು ಅಲ್ಲಿ ಸಾವಿರಗಟ್ಟಲೆ ಇವೆ. ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಬೇಕೋ ಹಾಗೆ ಬರೆದಿರುತ್ತಾರೆ, ಎರಡು ಮೂರು ಕಾಗುಣಿತದಲ್ಲಿ ಹುಡುಕಬೇಕು ಅಷ್ಟೇ. ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ಜಾಲತಾಣ ಇದೆ. ನಿಮ್ಮ ವಿಷಯದಲ್ಲಿ ಧಾರವಾಡದಲ್ಲೋ ಕೊಲ್ಲಾಪುರದಲ್ಲೋ ಆಗಲೇ ಪಿಎಚ್‌ಡಿ ಆಗಿದ್ದರೆ ಅದರ ಆಕರಸೂಚಿಯೇ ನಿಮ್ಮ ಅರ್ಧ ಪಟ್ಟಿ.

ಹಕ್ಕುಸ್ವಾಮ್ಯದ ಲೆಕ್ಕ ಗೊತ್ತಿದ್ದರೆ ಅನುಕೂಲ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಅದು ಇರುತ್ತದೆ. ವಚನ ಸಾಹಿತ್ಯಕ್ಕೆ ವಿಜಯಪುರದಲ್ಲಿ ಕೂತು ಜೀವ ತೇಯ್ದ ಫ.ಗು. ಹಳಕಟ್ಟಿಯವರು ತೀರಿಕೊಂಡದ್ದು 1964ರಲ್ಲಿ. ಅಂದರೆ 2025ರ ಜನವರಿಯಿಂದ ಅವರ ಬರಹ ಎಲ್ಲರದ್ದು. ಸ್ಕ್ಯಾನ್ ಮಾಡಿ, ಹಂಚಿ, ಮತ್ತೆ ಅಚ್ಚು ಹಾಕಿ, ಕೇಳುವವರಿಲ್ಲ. ಹಕ್ಕು ಇನ್ನೂ ಇರುವ ಪುಸ್ತಕ ಭಾರತದಲ್ಲಿ ಮಾರಾಟಕ್ಕೇ ಇಲ್ಲ ಅಂದರೂ ದಾರಿ ಇದೆ. ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನ ಬಳಕೆಗೆ ಮೂರು ಪ್ರತಿಯವರೆಗೆ ನಕಲು ಮಾಡಿಕೊಳ್ಳಲು 1957ರ ಕಾಯ್ದೆಯ 52ನೇ ಕಲಮು ಬಿಡುತ್ತದೆ. ಸ್ವಂತ ಸಂಶೋಧನೆಗೆ ನ್ಯಾಯವಾದ ಮಿತಿಯಲ್ಲಿ ಬಳಸುವುದಕ್ಕೂ ಅದೇ ಕಲಮಿನಲ್ಲಿ ಅವಕಾಶ ಇದೆ.

ಹತ್ತಿರದ ಲೈಬ್ರರಿಗಳಲ್ಲಿ ನನ್ನ ಮೊದಲ ಹೆಸರು ಧಾರವಾಡ. ಕರ್ನಾಟಕ ವಿಶ್ವವಿದ್ಯಾಲಯದ ಲೈಬ್ರರಿ, 1939ರಲ್ಲಿ ಶುರುವಾದ ಕನ್ನಡ ಸಂಶೋಧನ ಸಂಸ್ಥೆ, 1890ರ ಕರ್ನಾಟಕ ವಿದ್ಯಾವರ್ಧಕ ಸಂಘ, ಮೂರೂ ಒಂದೇ ಊರಲ್ಲಿ. ಬೆಳಗಾವಿಯಿಂದ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಎರಡನೆಯದು ಕೊಲ್ಲಾಪುರ. ಇದನ್ನು ನಮ್ಮವರು ಮರೆತೇಬಿಟ್ಟಿದ್ದಾರೆ. ಶಿವಾಜಿ ವಿಶ್ವವಿದ್ಯಾಲಯದ ಲೈಬ್ರರಿ ಅಲ್ಲಿದೆ, ಪತ್ರಾಗಾರವೂ ಇದೆ. ನಿಪ್ಪಾಣಿ, ಚಿಕ್ಕೋಡಿ ಕಡೆಯವರಿಗೆ ಧಾರವಾಡಕ್ಕಿಂತ ಅದೇ ಹತ್ತಿರ. ಬೆಳಗಾವಿ ಊರಲ್ಲೇ ಮರಾಠಿ ಆಕರ ಬೇಕಾದವರು ಸಾರ್ವಜನಿಕ ವಾಚನಾಲಯಕ್ಕೆ ಹೋಗಿ ನೋಡಬೇಕು. ವಿಜಯಪುರದಲ್ಲಿ ಬಿಎಲ್‌ಡಿಇ ಸಂಸ್ಥೆಯ ಹಳಕಟ್ಟಿ ಸಂಶೋಧನಾ ಕೇಂದ್ರ ಇದೆ. ಆದಿಲ್‌ಶಾಹಿ ಕಾಲದ ಸಾಹಿತ್ಯವನ್ನು ಕನ್ನಡಕ್ಕೆ ತರಿಸಿದ ಕೇಂದ್ರ ಅದು. ಫಾರಸಿ ಬಾರದವರು ಮೊದಲು ಆ ಸಂಪುಟಗಳನ್ನು ನೋಡಬೇಕು, ಆಮೇಲೆ ಲಂಡನ್ನಿನ ಮಾತು.

ಹೋಗುವಾಗ ನಿಮ್ಮ ಪ್ರಾಂಶುಪಾಲರ ಲೆಟರ್‌ಹೆಡ್ಡಿನ ಪರಿಚಯ ಪತ್ರ, ಗುರುತಿನ ಚೀಟಿ, ಒಂದೆರಡು ಫೋಟೊ ಇಟ್ಟುಕೊಳ್ಳಿ. ಪತ್ರಾಗಾರಕ್ಕಾದರೆ ಪತ್ರದಲ್ಲಿ ವಿಷಯ, ಯಾವ ವರ್ಷದಿಂದ ಯಾವ ವರ್ಷದವರೆಗಿನ ಕಾಗದ ಬೇಕು ಅನ್ನುವುದು ಸ್ಪಷ್ಟವಾಗಿ ಇರಲಿ.

ಸ್ವಂತ ಜೇಬು

ಇದಕ್ಕೆ ಜಾಸ್ತಿ ಹೇಳಬೇಕಾಗಿಲ್ಲ. ಗೆರೆ ಎಳೆಯಬೇಕು, ಅಂಚಿನಲ್ಲಿ ಬರೆಯಬೇಕು, ವರ್ಷಗಟ್ಟಲೆ ಬೇಕು ಅನ್ನುವ ಪುಸ್ತಕವನ್ನು ನಿಮ್ಮ ದುಡ್ಡಲ್ಲೇ ಕೊಳ್ಳಿ. ಕನ್ನಡ ಪುಸ್ತಕಗಳ ಬೆಲೆ ಇನ್ನೂ ಕೈಗೆಟುಕುವಂತಿದೆ. ರಾಜ್ಯೋತ್ಸವದ ತಿಂಗಳಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರದಂಥವರು ರಿಯಾಯಿತಿ ಕೊಡುತ್ತಾರೆ, ಆಗ ಸಂಪುಟಗಳನ್ನು ಒಟ್ಟಿಗೆ ತೆಗೆದುಕೊಳ್ಳಿ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಅಂಗಡಿಯವರು ಬಿಲ್ಲಿನಲ್ಲಿ ಹಾಕಿದ್ದರೆ ಕೇಳಿ.

ಮೂರು ಉದಾಹರಣೆ

ಬಾಗಲಕೋಟೆಯ ಅನುದಾನಿತ ಕಾಲೇಜಿನ ಕನ್ನಡ ಅಧ್ಯಾಪಕಿ, ವಿಷಯ ವಚನಗಳ ಸಂಪಾದನೆಯ ಇತಿಹಾಸ ಅಂತ ಇಟ್ಟುಕೊಳ್ಳಿ. ಅವರಿಗೆ ಪ್ರಾಜೆಕ್ಟ್ ಬೇಕಾಗಿಲ್ಲ. ಹಳೇ ಮುದ್ರಣಗಳು ಸ್ಕ್ಯಾನ್ ರೂಪದಲ್ಲಿ ಸಿಗುತ್ತವೆ, ಹೊಸ ಸಂಪುಟಗಳನ್ನು ಲೈಬ್ರರಿ ಕೊಳ್ಳಬಹುದು, ವಿದ್ಯಾರ್ಥಿಗಳಿಗೂ ಆಗುತ್ತದೆ. ಹಳೇ ಪತ್ರಿಕೆಗಳಿಗೆ ಬೇಸಿಗೆ ರಜೆಯಲ್ಲಿ ಧಾರವಾಡ.

ಬೆಳಗಾವಿಯ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದವರು, ವಿಷಯ ಗಡಿಭಾಗದ ನೇಕಾರರು. ಓದಬೇಕಾದ್ದು ಬಹುಪಾಲು ಜರ್ನಲ್‌ಗಳಲ್ಲಿದೆ, ಅದಕ್ಕೆ ಒನ್ ನೇಷನ್ ಲಾಗಿನ್ ಇದೆ. ಖರ್ಚು ಬರುವುದು ಊರೂರು ತಿರುಗುವುದಕ್ಕೆ. ಐಸಿಎಸ್‌ಎಸ್‌ಆರ್ ಮೈನರ್ ಇವರಿಗೆ ಹೇಳಿ ಮಾಡಿಸಿದ್ದು.

ವಿಜಯಪುರದ ಸರ್ಕಾರಿ ಕಾಲೇಜಿನ ಇತಿಹಾಸದ ಅತಿಥಿ ಉಪನ್ಯಾಸಕರು, ವಿಷಯ ಆದಿಲ್‌ಶಾಹಿಯ ನೀರಿನ ವ್ಯವಸ್ಥೆ. ಇದು ಕಷ್ಟದ ಜಾಗ. ವರ್ಷಕ್ಕೊಮ್ಮೆ ನೇಮಕ ಆಗುವವರ ಹೆಸರಲ್ಲಿ ಪ್ರಾಜೆಕ್ಟ್ ಕಳಿಸಲು ಸಂಸ್ಥೆಗಳು ಹಿಂಜರಿಯುತ್ತವೆ. ಇಂಡೆಂಟ್ ಚೀಟಿಗೂ ಕಾಯಂ ಅಧ್ಯಾಪಕರ ಸಹಿ ಬೇಕಾಗುತ್ತದೆ. ಆದರೆ ಲಾಗಿನ್ ಕೇಳುವುದಕ್ಕೆ, ಪರಿಚಯ ಪತ್ರ ಕೇಳುವುದಕ್ಕೆ ಅಡ್ಡಿ ಇಲ್ಲ. ಪಿಎಚ್‌ಡಿಗೆ ನೋಂದಣಿ ಆಗಿದ್ದರೆ ಆ ವಿಶ್ವವಿದ್ಯಾಲಯದ ಲೈಬ್ರರಿ ಕಾರ್ಡನ್ನೇ ಮುಖ್ಯ ಆಧಾರ ಮಾಡಿಕೊಳ್ಳಬೇಕು, ಕಾಲೇಜಿನದನ್ನಲ್ಲ.

ವರ್ಗಾವಣೆ ಆದರೆ?

ಸರ್ಕಾರಿ ಕಾಲೇಜಿನವರು ಆಯ್ಕೆ ಮಾಡುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ನೀವು ಹೋರಾಡಿ ತರಿಸಿದ ಪುಸ್ತಕ ಹಳೇ ಕಾಲೇಜಿನಲ್ಲೇ ಉಳಿಯುತ್ತದೆ. ಒಂದೇ ಊರಲ್ಲಿ ಎರಡು ವರ್ಷ ಮಾತ್ರ ಇರುತ್ತೀರಿ ಅಂತ ಗೊತ್ತಿದ್ದರೆ ಲೈಬ್ರರಿಗೆ ಪಾಠಕ್ಕೂ ಬೇಕಾದ ಪುಸ್ತಕ ಹೇಳಿ, ತೀರಾ ಸ್ವಂತ ವಿಷಯದ್ದನ್ನು ಜೇಬಿನಿಂದ ಕೊಳ್ಳಿ. ಇ-ಜರ್ನಲ್ ಲಾಗಿನ್ ಹಳೇ ಕಾಲೇಜಿನ ಹೆಸರಲ್ಲಿ ಇರುತ್ತದೆ, ಹೊಸದರಲ್ಲಿ ಮತ್ತೆ ಕೇಳಬೇಕು. ಪ್ರಾಜೆಕ್ಟ್ ನಡೆಯುತ್ತಿದ್ದರೆ ರಿಲೀವ್ ಆಗುವ ಮೊದಲೇ ಮಂಡಳಿಗೆ ಪತ್ರ ಬರೆಯಿರಿ. ಹಳೇ ಮತ್ತು ಹೊಸ ಎರಡೂ ಕಾಲೇಜಿನ ಒಪ್ಪಿಗೆ ಪತ್ರ ಅದಕ್ಕೆ ಲಗತ್ತಿಸಿ. ಪ್ರಾಜೆಕ್ಟ್ ಪುಸ್ತಕಗಳ ಅಕ್ಸೆಷನ್ ನಂಬರಿನ ಪಟ್ಟಿಗೆ ಲೈಬ್ರೇರಿಯನ್ನರ ಸಹಿ ಪಡೆದು ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಆಡಿಟ್‌ನವರು ಅದನ್ನು ಕೇಳುವುದು ನೀವು ಆ ಕಾಲೇಜು ಬಿಟ್ಟ ಮೇಲೆ.